ಕೂರಿಗೆಯ ನಡುವಿನ ತಾಳು

ಹಿಂದೆ ನಮ್ಮ ಕಡೆ ಹೆಣ್ಣು ಕೊಡುವವರು ಗಂಡಿನ ಮನೆಯಲ್ಲಿ ಎಷ್ಟು ಎಕರೆ ಎಂದು ಕೇಳುತ್ತಿರಲಿಲ್ಲ, ಎಷ್ಟು ಕೂರಿಗೆ ಎಂದು ಕೇಳುತ್ತಿದ್ದರು. ಒಂದು ಜೋಡಿ ಎತ್ತು ಬೆಳಗಿನಿಂದ ಹೊತ್ತು ಮುಳುಗುವ ತನಕ ಬಿತ್ತುವಷ್ಟು ನೆಲಕ್ಕೆ ಒಂದು ಕೂರಿಗೆ ಹೊಲ ಎಂದು ಹೆಸರು. ಗಟ್ಟಿ ಎತ್ತಿನವನ ಕೂರಿಗೆ ದೊಡ್ಡದು, ಬಡಕಲು ಎತ್ತಿನವನದು ಸಣ್ಣದು. ಬದುವಿನ ಜಗಳಕ್ಕೆ ಈ ಅಳತೆ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ, ಬೀಗರ ಮುಂದೆ ಮೀಸೆ ತಿರುವುವುದಕ್ಕೆ ಮಾತ್ರ ಚೆನ್ನಾಗಿತ್ತು.

ಹಂಗಾಮಿಗೂ ಅದೇ ಮಾತು. "ಕೂರಿಗಿ ಹೂಡ್ಯಾರೇನು?" ಎಂದರೆ ಬಿತ್ತಿಗೆ ಸುರುವಾಯಿತೇ ಎಂದು ಅರ್ಥ. ಆಳುಕಾಳಿಗೂ ಅದೇ. "ನಾಳಿಗೆ ಎರಡು ಕೂರಿಗಿ ಬೇಕು" ಎಂದು ಹೇಳಿ ಕಳಿಸಿದರೆ ಎರಡು ಜೋಡಿ ಎತ್ತು, ಹಿಡಿಯುವ ಇಬ್ಬರು ಗಂಡಸರು, ಕಾಳು ಬಿಡುವ ಇಬ್ಬರು ಹೆಂಗಸರು, ಎಲ್ಲ ಕೂಡಿಯೇ ಬರಬೇಕು. ಆ ಲೆಕ್ಕದಲ್ಲಿ ಹೆಂಗಸು ಸೇರಿದ್ದಾಳೆ. ಹೆಸರು ಹೇಳುವಾಗ ಮಾತ್ರ ಕೂರಿಗೆ ಗಂಡಸಿನದು. ಇಂಗಳೇಶ್ವರದ ಆಚೆಗಿನ ನಮ್ಮೂರಲ್ಲಿ ಕೂರಿಗೆ ಮಾಳಿಂಗರಾಯ ಎಂದರೆ ಕೂಸಿಗೂ ಗೊತ್ತು. ಅವನ ಹಿಂದೆ ಒಂದು ಜನ್ಮವಿಡೀ ಕಾಳು ಬಿಟ್ಟ ಹೆಂಡತಿ ಕಸ್ತೂರೆವ್ವನನ್ನು ಯಾರೂ ಕೂರಿಗೆ ಕಸ್ತೂರೆವ್ವ ಎಂದು ಕರೆದಿಲ್ಲ.

ಕೂರಿಗೆ ನೋಡದವರಿಗೆ ಎರಡು ಮಾತು. ಅಡ್ಡಕ್ಕೆ ಒಂದು ಮರದ ದಿಂಡು. ಅದರ ಕೆಳಗೆ ನೆಲ ಸೀಳುವ ಮೂರು ಕಾಲು, ಅವಕ್ಕೆ ತಾಳು ಎನ್ನುತ್ತಾರೆ. ತಾಳಿನ ತುದಿಯಲ್ಲಿ ಬೆರಳು ಹೋಗುವಷ್ಟು ಬಾಯಿ. ಒಂದೊಂದು ತಾಳಿಗೆ ಒಂದೊಂದು ಬಿದಿರಿನ ಕೊಳವೆ, ಮೂರೂ ಕೊಳವೆ ಮೇಲಕ್ಕೆ ಹೋಗಿ ಒಂದು ಮರದ ಬಟ್ಟಲಿಗೆ ಕೂಡುತ್ತವೆ. ಗಂಡಸು ಹಿಡಿಕೆ ಒತ್ತಿ ಎತ್ತು ಹೊಡೆಯುತ್ತಾನೆ. ಹೆಂಗಸು ಪಕ್ಕದಲ್ಲಿ ನಡೆಯುತ್ತ ಉಡಿಯೊಳಗಿನ ಕಾಳನ್ನು ಮುಷ್ಟಿಯಲ್ಲಿ ತಂದು ಬೆರಳ ಸಂದಿಯಿಂದ ಬಟ್ಟಲಿನ ಮೂರು ತೂತಿಗೂ ಸಮನಾಗಿ ಬಿಡುತ್ತಾಳೆ. ಹಿಂದೆಯೇ ಕುಂಟೆ ಬಂದು ಮಣ್ಣು ಮುಚ್ಚುತ್ತದೆ. ಮುಚ್ಚಿದ ಮೇಲೆ ಮುಗಿಯಿತು, ಕಾಳು ಬಿದ್ದಿದೆಯೋ ಇಲ್ಲವೋ ಮೊಳಕೆ ಏಳುವ ತನಕ ಶಿವನಿಗೂ ಗೊತ್ತಾಗುವುದಿಲ್ಲ.

ಮಾಳಿಂಗರಾಯ ಹಾಲುಮತದವ. ಅಪ್ಪ ಕುರಿ ಕಾಯ್ದವ, ಇವನು ಕುರಿ ಬಿಟ್ಟು ಎತ್ತು ಕಟ್ಟಿದ. ಸ್ವಂತ ನೆಲ ಒಂದು ಕೂರಿಗೆಗೂ ಕಡಿಮೆ. ಆದರೆ ಅವನು ಬಿತ್ತಿದ ಸಾಲು ಹಗ್ಗ ಎಳೆದಂತೆ ಇರುತ್ತಿತ್ತು. ಬಸವನ ಬಾಗೇವಾಡಿಯ ಬಸ್ಸಿನಲ್ಲಿ ಕಿಟಕಿ ಕಡೆ ಕೂತವರು "ಇದು ಯಾರ ಕೂರಿಗಿರೋ?" ಎಂದು ಕೇಳುತ್ತಿದ್ದರು. ಊರಿಗೆ ಟ್ರ್ಯಾಕ್ಟರ್ ಕೂರಿಗೆ ಬಂದು ಎಷ್ಟೋ ವರ್ಷವಾದರೂ ಅವನಿಗೆ ಕರೆ ನಿಂತಿರಲಿಲ್ಲ. ಹಿಂಗಾರಿ ಬಿಳಿಜೋಳಕ್ಕೆ ಎತ್ತಿನ ಕೂರಿಗೆಯೇ ಆಗಬೇಕು, ಹಸಿ ನೋಡಿ ಕಾಳು ಊರುವುದು ಎತ್ತಿಗೆ ಗೊತ್ತು, ಡೀಸೆಲ್ಲಿಗೆ ಗೊತ್ತಿಲ್ಲ ಎನ್ನುವವರು ಇನ್ನೂ ಇದ್ದರು.

ಅವನು ನಮ್ಮ ರೈತ ಸಂಘದವನೂ ಹೌದು. ನೀರಿಗಾಗಿ ರಸ್ತೆ ಮೇಲೆ ಕೂತಾಗ ರೊಟ್ಟಿ ಗಂಟು ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತವ, ಲಾಠಿ ತಿಂದವ. ಒಮ್ಮೆ ಊರ ಸಮುದಾಯ ಭವನದಲ್ಲಿ ಸಭೆ ನಡೆದಿತ್ತು. ಗಂಡ ಸತ್ತವರು ಬೀಜಕ್ಕೆ ಕೈ ಹಚ್ಚಬಾರದು, ಹಚ್ಚಿದರೆ ಸಾಲು ಹುಸಿ ಬೀಳುತ್ತದೆ, ಅಂದರೆ ಖಾಲಿ ಬೀಳುತ್ತದೆ ಎಂಬ ಊರ ನಂಬಿಕೆಯ ಮೇಲೆ ಮಾತು ಹೊರಳಿತು. ಮಾಳಿಂಗರಾಯ ಎದ್ದು ನಿಂತ.

"ಇದು ಯಾವ ಮಗ ಮಾಡಿದ ಕಾನೂನು? ನನ್ನ ಮಗಳು ಸುರೇಖಾ ಗಂಡನ್ನ ಕಳಕೊಂಡು ಮನ್ಯಾಗ ಕುಂತಾಳ. ಈ ಸಲ ನನ್ನ ಕೂರಿಗಿಗೆ ಆಕೀನ ಕಾಳು ಬಿಡಾಕಿ. ಯಾರ ತಡೀತೀರಿ, ತಡೀರಿ."

ಚಪ್ಪಾಳೆ ಬಿದ್ದವು. ಹೊರಗೆ ಬಂದಾಗ ನಾಲ್ಕು ಮಂದಿ ಅವನ ಬೆನ್ನು ತಟ್ಟಿದರು. ಖರೆ ಹೇಳಬೇಕೆಂದರೆ ಆ ಹೊತ್ತಿಗೆ ಕಸ್ತೂರೆವ್ವನ ಮೊಣಕಾಲು ಹಿಡಿದಿದ್ದವು, ಎರೆ ಹೊಲದಲ್ಲಿ ಅವಳಿಗೆ ನಡೆಯಲು ಆಗುತ್ತಿರಲಿಲ್ಲ, ಬೇರೆ ಹೆಂಗಸು ಕೂಲಿಗೆ ಸಿಗುತ್ತಿರಲಿಲ್ಲ. ಆ ಮಾತನ್ನು ಅವನು ಸಭೆಯಲ್ಲಿ ತೆಗೆಯಲಿಲ್ಲ.

ಸುರೇಖಾಳನ್ನು ಆಲಮೇಲದ ಕಡೆ ಕೊಟ್ಟಿದ್ದರು. ಗಂಡ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ, ಟ್ರೇಲರ್ ಮಗುಚಿ ಅದರ ಅಡಿಯಲ್ಲಿ ಹೋದ. ಅತ್ತೆಮನೆಯವರು ಕರ್ಮ ಮುಗಿಸಿ ಅವಳ ಟ್ರಂಕನ್ನು ಅವಳ ಜೊತೆಗೇ ಬಸ್ಸಿಗೆ ಏರಿಸಿದರು. ತವರಿಗೆ ಬಂದವಳು ವರ್ಷಗಟ್ಟಲೆ ಒಲೆ ಮುಂದೆಯೇ ಇದ್ದಳು. ಮದುವೆ ಮನೆಗೆ ಹೋದರೆ ಹಿಂದೆ ಕೂರಿಸುತ್ತಾರೆಂದು ಎಲ್ಲಿಗೂ ಹೋಗುತ್ತಿರಲಿಲ್ಲ. ಅಪ್ಪ ಕೂರಿಗೆಗೆ ಕರೆದಾಗ ಉಡಿ ಕಟ್ಟಿಕೊಂಡು ಹೊರಟಳು. ನಮ್ಮೂರ ರೈತ ಗುರಲಿಂಗಪ್ಪನ ಸಣ್ಣ ಹೊಲದಲ್ಲಿ ಮೊದಲು ಬಿತ್ತಿದರು. ಸಾಲು ತುಂಬಿ ಎದ್ದವು. ಅವನ ಹೆಂಡತಿ ಸುರೇಖಾಳ ಉಡಿಗೆ ಒಂದು ಕುಪ್ಪಸದ ಖಣ ಹಾಕಿ ಕಳಿಸಿದಳು. ಮನೆಗೆ ಬಂದು ಅದನ್ನು ತಾಯಿಗೆ ತೋರಿಸುವಾಗ ಅವಳ ಮುಖ ಹೇಗಿತ್ತು ಎಂದು ಕಸ್ತೂರೆವ್ವ ಈಗಲೂ ಹೇಳುತ್ತಾಳೆ.

ಆಮೇಲೆ ಬಂದದ್ದು ಬಸಂತರಾಯನ ಹೊಲ. ಊರಲ್ಲಿ ಹೆಚ್ಚು ನೆಲ ಇದ್ದವನು ಅವನೇ, ಎಲ್ಲರ ಬಾಯಲ್ಲಿ ಸಾಹುಕಾರ. ಆ ಹೊಲ ಡಾಂಬರು ರಸ್ತೆಗೆ ಹತ್ತಿಕೊಂಡೇ ಇದೆ. ಹಸ್ತದ ಮಳೆ ಚೆನ್ನಾಗಿ ಹಿಡಿದು ಬಿಟ್ಟಿತ್ತು, ಎರೆ ಮಣ್ಣು ಮೇಲೆ ಒಣಗಿ ಒಳಗೆ ಬೆಣ್ಣೆಯಂತೆ ಇತ್ತು. ಹದ ಎರಡು ದಿನದ್ದು, ಮೂರನೆಯ ದಿನ ಇರುವುದಿಲ್ಲ. ಮಾಳಿಂಗರಾಯ ಕೂರಿಗೆ ಹೂಡಿದ, ಸುರೇಖಾ ಉಡಿ ತುಂಬ ಜೋಳ ಕಟ್ಟಿಕೊಂಡಳು.

ಮಧ್ಯಾಹ್ನದ ಊಟ ಮುಗಿಸಿ ಮತ್ತೆ ಹೊಡೆಯುವಾಗ ಬಸಂತರಾಯ ಮೋಟಾರ್ ಸೈಕಲ್ ಮೇಲೆ ಬಂದ. ಗಾಡಿ ಬಂದ್ ಮಾಡಿ, ಒಂದು ಕಾಲು ನೆಲಕ್ಕೆ ಊರಿ, ಸಾಲನ್ನು ನೋಡಿದ.

"ಏನಲೇ ಮಾಳಿಂಗ, ಸೂತ್ರ ಹಿಡಿದು ಹೊಡದಿ ಏನು? ಇದನ್ನ ಬಾಗೇವಾಡಿ ಮಂದಿ ಬಂದು ಫೋಟೋ ಹೊಡಕೊಂಡು ಹೋಗಬೇಕು ನೋಡು."

ಮಾಳಿಂಗರಾಯ ಸಾಲಿನ ನಡುವೆಯೇ ಎತ್ತು ನಿಲ್ಲಿಸಿದ. ಕೂರಿಗೆ ಹಿಡಿಯುವ ಯಾವನೂ ಮಾಡದ ಕೆಲಸ ಅದು. ನಿಲ್ಲಿಸುವುದಾದರೆ ತಾಳು ಮೇಲಕ್ಕೆ ಎತ್ತಿ ನಿಲ್ಲಿಸಬೇಕು. ತಾಳು ಹಸಿ ಮಣ್ಣೊಳಗೆ ಇದ್ದಾಗ ಎತ್ತು ಒಂದು ಹೆಜ್ಜೆ ಹಿಂದೆ ಸರಿದರೂ ಸಾಕು, ಬಾಯೊಳಗೆ ಮಣ್ಣು ಗುದ್ದಿ ಕೂರುತ್ತದೆ. ಹೊಗಳಿಕೆ ಕೇಳುವ ಖುಷಿಯಲ್ಲಿ ಅವನು ಹಿಡಿಕೆಗೆ ಮೈ ಆನಿಸಿ ನಿಂತ. ನೊಣಕ್ಕೆ ಬಲಗಡೆಯ ಎತ್ತು ಕಾಲು ಝಾಡಿಸಿ ಹಿಂದೆ ಸರಿಯಿತು. ಅದನ್ನು ಅವನು ನೋಡಿದ. ನೋಡಿಯೂ ಮಾತಿನಲ್ಲೇ ಇದ್ದ.

"ಎಲ್ಲಾ ನಿಮ್ಮ ಆಶೀರ್ವಾದರೀ ಸಾಹುಕಾರ್ರ" ಎಂದು ಎತ್ತು ಹೊಡೆದ. ಹತ್ತು ಮಾರು ಹೋಗಿರಲಿಲ್ಲ.

"ಅಪ್ಪಾ, ನಿಂದ್ರಸು" ಅಂದಳು ಸುರೇಖಾ. "ನಡುವಿನ ತಾಳಿಗೆ ಕಾಳು ಸರಿ ಇಳಿಯಾಕತ್ತಿಲ್ಲ ಅನಸ್ತೈತಿ. ಎತ್ತಿ ನೋಡು."

"ಇಳೀತಾವ, ನಡಿ."

"ಬಾಯಿ ಕಟ್ಟಿರಬೇಕು ಅಪ್ಪಾ. ಕಾಳು ಒಳಗ ಹೋಗವಲ್ಲವು, ಮ್ಯಾಲ ಚೆಲ್ಲಾಕತ್ತಾವ. ಒಂದ ಸಲ ನೋಡು."

ರಸ್ತೆಯ ಮೇಲೆ ಬಸಂತರಾಯ ನಕ್ಕ. "ಏನಲೇ, ಮಗಳು ಮಾಸ್ತರಕಿ ಸುರು ಮಾಡ್ಯಾಳ? ನಿನಗ ಕೂರಿಗಿ ಕಲಸಾಕತ್ತಾಳ?"

ಮಾಳಿಂಗರಾಯನ ಕಿವಿ ಕೆಂಪಾದವು. "ನೀ ಹುಟ್ಟೂಕಿಂತ ಮೊದಲ ಕೂರಿಗಿ ಹಿಡದೇನಿ ನಾ. ಬಾಯಿ ಮುಚ್ಕೊಂಡ ಕಾಳು ಬಿಡು" ಎಂದು ಮಗಳಿಗೆ ಜೋರಾಗಿ, ರಸ್ತೆಗೆ ಕೇಳುವಂತೆ ಅಂದ. ಬಸಂತರಾಯ ಇನ್ನಷ್ಟು ನಕ್ಕು ಗಾಡಿ ಚಾಲೂ ಮಾಡಿಕೊಂಡು ಹೋದ.

ಅವನು ಹೋದ ಮೇಲಾದರೂ ಎತ್ತಿ ನೋಡಬಹುದಿತ್ತು. ನೋಡಿದರೆ ಮಗಳ ಮಾತು ಖರೆ ಆಗುತ್ತದೆ. ಹಾಗಾಗಿ ನೋಡಲಿಲ್ಲ. ಮೇಲಿನಿಂದ ಕೊಳವೆಗೆ ಬಾರಕೋಲಿನಿಂದ ಎರಡು ಸಲ ಬಡಿದು "ಆತು, ಸರಿ ಆತು" ಅಂದ. ಸುರೇಖಾ ಮತ್ತೆ ಉಡಿಗೆ ಕೈ ಹಾಕಿದಳು. ಸಂಜೆಯ ತನಕ ಅವಳು ಬಿಟ್ಟ ಕಾಳಿನಲ್ಲಿ ಮೂರನೆಯ ಒಂದು ಪಾಲು ತಾಳಿನೊಳಗೆ ಇಳಿಯದೆ, ಕೊಳವೆಯ ಬುಡದ ಸಂದಿಯಿಂದ ನೆಲದ ಮೇಲೆ ಉದುರಿತು. ಹಿಂದೆ ಬಂದ ಕುಂಟೆ ಅದನ್ನು ಒಣ ಮಣ್ಣಲ್ಲಿ ಕಲಸಿತು. ಇರುವೆಗೆ, ಬೆಳವಕ್ಕಿಗೆ ಹಬ್ಬ.

ಹೊತ್ತು ಮುಳುಗುವ ಹೊತ್ತಿಗೆ ಬದುವಿನಲ್ಲಿ ಕೂರಿಗೆ ಮಗುಚಿ ಒರೆಸುವಾಗ ಮಾಳಿಂಗರಾಯ ಮೂರು ಬಾಯಿಗಳನ್ನೂ ನೋಡಿದ. ಎರಡು ತೆರೆದಿದ್ದವು. ನಡುವಿನದರಲ್ಲಿ ಎರೆ ಮಣ್ಣು ಕಲ್ಲಿನ ಹಾಗೆ ಗುದ್ದಿ ಕೂತಿತ್ತು. ಸುರೇಖಾ ಆಚೆ ಚೀಲ ಕಟ್ಟುತ್ತಿದ್ದಳು. ಅವನು ಬಾರಕೋಲಿನ ಮೊಳೆಯಿಂದ ಮಣ್ಣನ್ನು ಕಿತ್ತು, ಮುಷ್ಟಿಯಲ್ಲಿ ಪುಡಿ ಮಾಡಿ, ಬದುವಿನ ಹುಲ್ಲಿಗೆ ಒಗೆದ. ಕಡೆಯ ಸುತ್ತಿನಲ್ಲಿ ಮಾತ್ರ ಕಟ್ಟಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಅಂದೇ ಬಾಯಿ ಬಿಟ್ಟಿದ್ದರೆ ಮರುದಿನ ಬೆಳಗ್ಗೆ ಒಂಟಿ ತಾಳು ಹೂಡಿ ಖಾಲಿ ಸಾಲು ತುಂಬಬಹುದಿತ್ತು. ಹಸಿ ಇನ್ನೂ ಇತ್ತು. ಅವನು ಬಾಯಿ ಬಿಡಲಿಲ್ಲ.

ಮೊಳಕೆ ಎದ್ದಾಗ ಊರಿಗೇ ಕಂಡಿತು. ಅರ್ಧ ಹೊಲ ತುಂಬಿ ನಿಂತಿತ್ತು. ಉಳಿದರ್ಧದಲ್ಲಿ ಎರಡು ಸಾಲು ಹಸಿರು, ಎರಡು ಸಾಲು ಹಸಿರು, ಪ್ರತಿ ಜೋಡಿಯ ನಡುವೆ ಬರೀ ಕರಿ ನೆಲ. ರಸ್ತೆಗೆ ಹತ್ತಿದ ಹೊಲ, ಮುಚ್ಚಿಡಲು ಬರುವುದಿಲ್ಲ. ಹುಲ್ಲಿನ ಹೊರೆ ಹೊತ್ತವರು ನಿಂತು ನೋಡಿದರು, ಬಸ್ಸಿನವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು. ಬಾಡಿಗೆ ಟ್ರ್ಯಾಕ್ಟರ್ ಇಟ್ಟಿದ್ದ ಜುಲ್ಫಿಕರ ಹೋಟೆಲಿನ ಮುಂದೆ ಮಾಳಿಂಗರಾಯನನ್ನು ಹಿಡಿದು ನಿಲ್ಲಿಸಿದ.

"ಮಾಳಿಂಗಣ್ಣಾ, ನಡು ನಡುವ ಜಾಗಾ ಬಿಟ್ಟೀಯಲ್ಲೋ. ಬಸ್ ಹಾಯಾಕೇನು, ರೈಲು ಹಾಯಾಕೇನು?"

ಕೂತವರೆಲ್ಲ ನಕ್ಕರು. ಮಾಳಿಂಗರಾಯನೂ ನಕ್ಕ ಹಾಗೆ ಮಾಡಿದ. ಇಷ್ಟರಲ್ಲಿ ಮುಗಿದಿದ್ದರೆ ಅದು ಒಂದು ಹಂಗಾಮಿನ ಚೇಷ್ಟೆ. ಆದರೆ ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಒಬ್ಬ ಮುದುಕ, "ಅವನ ಸಾಲಿಗೇನಾಗೈತಿ? ಸೂತ್ರ ಹಿಡದಂಗೈತಿ. ಕಾಳು ಬಿಟ್ಟಾಕಿ ಯಾರು, ಅದನ್ನ ನೋಡ್ರಿ" ಅಂದ. ಸಾಹುಕಾರನ ಹೆಂಡತಿ ವಿದ್ಯಾವತಿ ಆಗಲೇ ಮನೆಯ ಅಂಗಳದಲ್ಲಿ ನಾಲ್ಕು ಹೆಂಗಸರ ಮುಂದೆ, "ಬ್ಯಾಡ ಅಂದ್ರೂ ಇವರು ಕೇಳಲಿಲ್ಲ. ಕುಂಕುಮ ಇಲ್ಲದ ಕೈ ಬಟ್ಟಲಕ್ಕ ಬಂದ್ರ ಮತ್ತೇನಾಗ್ತೈತಿ?" ಎಂದು ಹೇಳಿಯಾಗಿತ್ತು. ಆ ಮಾತು ನೀರು ತುಂಬುವ ನಳದ ಹತ್ತಿರ ಬಂತು, ಕಿರಾಣಿ ಅಂಗಡಿಗೆ ಬಂತು, ಈಗ ಹೋಟೆಲಿಗೂ ಬಂತು.

ಎಲ್ಲರೂ ಮಾಳಿಂಗರಾಯನ ಮುಖ ನೋಡಿದರು. ಅವನಿಗೆ ಗೊತ್ತಿತ್ತು. ಬಾಯಿಗೆ ಬಂದದ್ದು ಬೇರೆ.

"ಏನೋ ಆಗಿಹೋತು, ಬಿಡ್ರಿ."

ಸಂಘದ ಸಭೆಯಲ್ಲಿ ಗುಡುಗಿದ್ದವನು ಇವನೇ. ಅಲ್ಲಿ ಚಪ್ಪಾಳೆ ಇತ್ತು, ಇಲ್ಲಿ ಇರಲಿಲ್ಲ, ಅಷ್ಟೇ ಫರಕು. ಇನ್ನೊಬ್ಬರ ಎದುರು ಕ್ರಾಂತಿ ಮಾಡುವುದು ಸುಲಭ. ತನ್ನ ಕೂರಿಗೆ, ತನ್ನ ಹೆಸರು ಎಂದಾಗ ಅವನು ಮಾತು ತೇಲಿಸಿದ. ಆ ದಿನ ಹೋಟೆಲಿನಲ್ಲಿ ಹಸಿರು ಟವೆಲ್ಲಿನವರೂ ಇಬ್ಬರಿದ್ದರು. ಚಹಾ ಕುಡಿದು ಎದ್ದು ಹೋದರು.

ಅದರ ಮೇಲೆ ಇನ್ನೊಂದು ಕೆಲಸ ಮಾಡಿದ. ಹಂಗಾಮು ಇನ್ನೂ ಮುಗಿದಿರಲಿಲ್ಲ, ತಡವಾಗಿ ಹದ ಬಂದ ತಗ್ಗಿನ ಹೊಲಗಳಿಗೆ ಕರೆ ಬಂದವು. ಬಂದವರೆಲ್ಲ ಒಂದೇ ಮಾತು. "ಕೂರಿಗಿ ನೀ ತಗೊಂಡ ಬಾ. ಕಾಳು ಬಿಡಾಕ ನಮ್ಮ ಮನಿ ಹೆಣಮಕ್ಕಳು ಅದಾರ." ಅವನು "ಹೂಂ" ಅಂದ. ಬೆಳಗ್ಗೆ ಸುರೇಖಾ ಸೀರೆ ಎತ್ತಿ ಕಟ್ಟಿ, ಉಡಿಯ ಬಟ್ಟೆ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಎತ್ತಿನ ಮಿಣಿ ಕಟ್ಟುತ್ತ ಅವಳ ಕಡೆ ನೋಡದೆ, "ಇವತ್ತ ನೀ ಬ್ಯಾಡವ್ವಾ" ಅಂದ.

"ಯಾಕ?"

"ಅವರ ಮನ್ಯಾವ್ರ ಬಿಡತಾರಂತ."

ಸುರೇಖಾ ಉಡಿಯ ಬಟ್ಟೆಯನ್ನು ಮಡಿಚಿ ಹಗ್ಗದ ಮೇಲೆ ಹಾಕಿದಳು. "ಅಪ್ಪಾ, ನಾ ನಿನಗ ಅವತ್ತ ಹೇಳಿದ್ದೆ ಹೌದಲ್ಲೋ?"

"ಹೇಳಿದ್ದಿ."

"ತಾಳಿನ ಬಾಯಾಗ ಮಣ್ಣ ಇತ್ತು ಹೌದಲ್ಲೋ?"

ಅವನು ನೊಗದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ. ಒಳಗಿನಿಂದ ಕಸ್ತೂರೆವ್ವ ಗೋಡೆ ಹಿಡಿದುಕೊಂಡು ಹೊಸ್ತಿಲ ತನಕ ಬಂದಳು.

"ಕೇಳಾಕತ್ತಾಳಲ್ಲ, ಹೇಳು. ನಿನ್ನ ಬಾಯಾಗೂ ಮಣ್ಣ ಗುದ್ದೈತೇನು?"

"ಇತ್ತು" ಅಂದ ಮಾಳಿಂಗರಾಯ.

"ಮತ್ತ ಹೋಟೇಲನ್ಯಾಗ ಯಾಕ ಹೇಳಲಿಲ್ಲ?" ಸುರೇಖಾ ಕೇಳಿದಳು. ಅತ್ತಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಅಳಲಿಲ್ಲ, ಉತ್ತರಕ್ಕೆ ನಿಂತಿದ್ದಳು. ಅವನು ಎತ್ತು ಹೊಡೆದುಕೊಂಡು ಹೋದ. ಆ ಹಂಗಾಮಿಡೀ ಬೇರೆಯವರ ಹೆಂಡಂದಿರು ಅವನ ಬಟ್ಟಲಿಗೆ ಕಾಳು ಬಿಟ್ಟರು. ಅವಳು ಒಲೆ ಮುಂದೆ ಕೂತಳು. ನಳಕ್ಕೆ ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಒಂದು ದಿನ ಗೌಡರ ಓಣಿಯ ಬಾಣಂತಿ ಮನೆಗೆ ಕುಳ್ಳು ಕೊಡಲು ಹೋದವಳನ್ನು, ಬಾಗಿಲಾಚೆಯೇ ಬುಟ್ಟಿ ಇಳಿಸಿಕೊಂಡು ಕಳಿಸಿದರು. ಮೊದಲು ಅವಳು ಗಂಡ ಸತ್ತವಳು ಮಾತ್ರ ಆಗಿದ್ದಳು. ಈಗ ಅವಳ ಕೈಗೆ ದೋಷ ಇದೆ ಎಂಬುದಕ್ಕೆ ಊರ ಬಳಿ ರಸ್ತೆ ಬದಿಯಲ್ಲಿ ಬೆಳೆದು ನಿಂತ ಸಾಕ್ಷಿ ಇತ್ತು.

ಬೆಳೆ ಎತ್ತರವಾದಂತೆ ಮಾಳಿಂಗರಾಯ ರಸ್ತೆ ಬಿಟ್ಟು ಹಳ್ಳದ ದಾರಿ ಹಿಡಿದು ತಿರುಗಾಡತೊಡಗಿದ. ಬಸಂತರಾಯ ಖಾಲಿ ಸಾಲುಗಳಲ್ಲಿ ಕುಸುಬಿ ಊರಿಸಿದ್ದ. ಹಸಿ ಆರಿಹೋಗಿತ್ತು, ಅಲ್ಲೊಂದು ಇಲ್ಲೊಂದು ಮುಳ್ಳುಗಿಡ ಎದ್ದು ಹೊಲ ಇನ್ನಷ್ಟು ಚಂದ ಕಾಣುತ್ತಿತ್ತು.

ಎಳ್ಳ ಅಮಾವಾಸ್ಯೆ ಬಂತು. ನಮ್ಮಲ್ಲಿ ಅಂದು ಯಾವ ಮನೆಯಲ್ಲೂ ಮಧ್ಯಾಹ್ನ ಮಂದಿ ಇರುವುದಿಲ್ಲ, ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ. ಬೆಳೆಯ ಸುತ್ತ ಅನ್ನದ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಕೂತು ಉಣ್ಣಬೇಕು. ಆ ಹೊಲ ಬಿತ್ತಿದವನನ್ನು ಮನೆಮಂದಿ ಸಮೇತ ಉಣ್ಣಲು ಕರೆಯುವುದು ಬಸಂತರಾಯನ ಮನೆಯ ರೂಢಿ. ಸಾಲು ಹುಸಿ ಬಿದ್ದರೂ ಕರೆ ಬಂತು. ಹಿಂದಿನ ವರ್ಷಗಳಲ್ಲಿ ಗಂಡ ಹೆಂಡತಿ ಇಬ್ಬರೇ ಹೋಗುತ್ತಿದ್ದರು. ಈ ಸಲ ಮಾಳಿಂಗರಾಯ ಮಗಳಿಗೆ, "ನೀನೂ ನಡಿ" ಅಂದ. ಅವಳು "ಒಲ್ಲೆ" ಅಂದಳು. "ಬಾರವ್ವಾ" ಎಂದು ಇನ್ನೊಮ್ಮೆ ಅಂದ. ಅವನ ಧ್ವನಿ ಕೇಳಿ ಕಸ್ತೂರೆವ್ವ ಮಗಳ ಬೆನ್ನಿಗೆ ಕೈ ಇಟ್ಟಳು.

ಬನ್ನಿ ಗಿಡದ ಕೆಳಗೆ ಕಂಬಳಿ ಹಾಸಿದ್ದರು. ಗುರಲಿಂಗಪ್ಪನೂ ಬಂದಿದ್ದ, ಸಾಹುಕಾರನ ಬೀಗರು ಬಂದಿದ್ದರು. ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿ ಪಲ್ಲೆ, ಶೇಂಗಾ ಹೋಳಿಗೆ. ವಿದ್ಯಾವತಿ ಎಲ್ಲರಿಗೂ ಬಡಿಸುತ್ತ ಬಂದು, ಸುರೇಖಾಳ ತಾಟಿಗೆ ದೂರದಿಂದಲೇ ರೊಟ್ಟಿ ಇಳಿಬಿಟ್ಟಳು. ಬೀಗರಲ್ಲಿ ಒಬ್ಬ ಹೊಲ ನೋಡಿ, "ಅಲ್ಲಾ, ಈ ಸಾಲು ಯಾಕ ಹಿಂಗ?" ಎಂದು ಕೇಳಿಯೇ ಬಿಟ್ಟ. ಎಲ್ಲರ ಕಣ್ಣು ಒಂದು ಸಲ ಸುರೇಖಾಳ ಕಡೆ ಹೋಗಿ ವಾಪಸು ಬಂದವು.

ಮಾಳಿಂಗರಾಯ ತಾಟು ಕೆಳಗಿಟ್ಟ. "ನನ್ನಿಂದ ಆಗೈತ್ರಿ. ತಾಳಿನ ಬಾಯಿ ಮಣ್ಣ ಕಟ್ಟಿತ್ತು. ಮಗಳು ಹೇಳಿದ್ಲು, ನಾ ಕೇಳಲಿಲ್ಲ. ಸಂಜಿಮುಂದ ನಾನ ಕಿತ್ತ ಒಗದೇನಿ. ಆಕೀದೇನೂ ತಪ್ಪಿಲ್ಲ."

ಇದನ್ನು ಹೇಳಿಬಿಟ್ಟರೆ ಆಕಾಶ ಬೀಳುತ್ತದೆ ಎಂದು ಅವನು ಅಂದುಕೊಂಡಿದ್ದ. ಏನೂ ಬೀಳಲಿಲ್ಲ. ಬಸಂತರಾಯ ಎಣಗಾಯಿ ಜಗಿಯುತ್ತ ಅವನ ತೊಡೆ ತಟ್ಟಿದ.

"ಬಿಡೋ ಮಾಳಿಂಗ. ಮಗಳ ಸಲುವಾಗಿ ತಲಿ ಕೊಡಾಕತ್ತಿ. ಹಡದ ಕರುಳು, ತಿಳೀತೈತಿ ನಮಗೂ. ದೊಡ್ಡ ಮನಶ್ಯಾ ಅದಿ."

"ಹೌದ ಮತ್ತ" ಎಂದರು ಬೀಗರು. "ಇಂಥಾ ತಂದಿ ಎಲ್ಲಿ ಸಿಗತಾನ?"

ವಿದ್ಯಾವತಿ ಅವನ ತಾಟಿಗೆ ಒಂದು ಹೋಳಿಗೆ ಹೆಚ್ಚಿಗೆ ಹಾಕಿದಳು, ತುಪ್ಪವನ್ನೂ ಸುರಿದಳು. ಮಾಳಿಂಗರಾಯ ಆ ತುಪ್ಪದ ಹೋಳಿಗೆಯನ್ನು ನೋಡುತ್ತ ಕೂತ. ಹೊಲದ ಹೆಸರು ಕೆಟ್ಟಿತ್ತು, ಮಗಳ ಹೆಸರು ಕೆಟ್ಟಿತ್ತು, ಅವನ ಹೆಸರು ಮಾತ್ರ ಖರೆ ಹೇಳಿದರೂ ಏರುತ್ತಲೇ ಇತ್ತು. ನೆಲ ಬಾಯಿ ಬಿಟ್ಟರೆ ಹೋಗುತ್ತಿದ್ದೆ ಎಂದು ಆಮೇಲೆ ನಮ್ಮ ಮುಂದೆ ಹೇಳಿದ.

"ತಲಿ ಕೊಡಾಕತ್ತಿಲ್ರೀ ನಮ್ಮಪ್ಪ" ಎಂದು ಸುರೇಖಾ ಮಾತಾಡಿದಳು. ಅವಳು ಆ ಮನೆಯವರ ಮುಂದೆ ಧ್ವನಿ ಎತ್ತಿದ್ದು ಅದೇ ಮೊದಲು. "ಖರೇನ ಹೇಳಾಕತ್ತಾನ. ದೊಡ್ಡ ಮನಶ್ಯಾನೂ ಅಲ್ಲ. ಅವತ್ತ ಹೇಳಿದ್ರ ಮಣ್ಣ ಕೈಯಾಗ ಹಿಡದ ತೋರಸಬಹುದಿತ್ತು. ಹೇಳಲಿಲ್ಲ. ಆದ್ರ ಸಾಹುಕಾರ್ರ, ನಾ ಎರಡ ಸಲ ಹೇಳಿದಾಗ ನೀವೂ ಅಲ್ಲೇ ರೋಡಿನ ಮ್ಯಾಲ ನಿಂತಿದ್ರಲ್ಲರೀ? ಮಾಸ್ತರಕಿ ಮಾಡ್ತಾಳ ಅಂತ ನಕ್ಕವರು ನೀವ ಅಲ್ಲೇನ್ರಿ?"

ಬಸಂತರಾಯನ ಜಗಿಯುವ ಬಾಯಿ ನಿಂತಿತು. "ಗಾಡಿ ಚಾಲೂ ಇತ್ತವ್ವಾ, ಏನ ಕೇಳಸ್ತೈತಿ?"

"ಬಂದ್ ಮಾಡಿದ್ರಿ ಸಾಹುಕಾರ್ರ" ಅಂದ ಮಾಳಿಂಗರಾಯ, ತಲೆ ಎತ್ತದೆ. "ನನ್ನ ಸಾಲು ಹೊಗಳಾಕ ಬಂದ್ ಮಾಡಿದ್ರಿ."

ವಿದ್ಯಾವತಿ ಹೋಳಿಗೆಯ ಬುಟ್ಟಿ ಹಿಡಿದುಕೊಂಡೇ ಗಂಡನ ಕಡೆ ತಿರುಗಿದಳು. "ನಿಮಗ ಕೇಳಿಸಿತ್ತೇನ್ರಿ?"

"ಹೊಲದಾಗ ನೂರಾ ಎಂಟು ಮಾತ ಆಡ್ತಿರ್ತಾರ. ಎಲ್ಲಾ ನೆನಪಿರ್ತಾವ?"

"ಕೇಳಿಸಿತ್ತೋ ಇಲ್ಲೋ?"

"ಕೇಳಿಸಿತ್ತು" ಅಂದ ಬಸಂತರಾಯ. "ಏನೋ ಅಂದ್ಲು. ಅದನ್ನ ಯಾರ ಮನಸಿಗೆ ಹಚ್ಚಕೋತಾರ?"

ಗುರಲಿಂಗಪ್ಪ ರೊಟ್ಟಿ ಮುರಿಯುವುದನ್ನು ಬಿಟ್ಟು, "ಅಲ್ರೀ, ಒಂದ ತಾಳಿನ ಸಾಲು ಅಷ್ಟ ಹುಸಿ ಬಿದ್ದೈತಿ. ಕೈ ದೋಷ ಆಗಿದ್ರ ಬಾಜೂಕಿನ ಎರಡು ಸಾಲು ಯಾಕ ತುಂಬಿ ಎದ್ದಾವು? ಕೈ ಒಂದ ಅಲ್ಲೇನು?" ಎಂದು ಕೇಳಿದ. ಈ ಪ್ರಶ್ನೆ ಕೇಳಲು ಯಾವ ಬುದ್ಧಿವಂತಿಕೆಯೂ ಬೇಕಿರಲಿಲ್ಲ. ಹೊಲ ನೋಡಿದ ಪ್ರತಿಯೊಬ್ಬ ಒಕ್ಕಲಿಗನಿಗೂ ಮೊದಲ ದಿನವೇ ಹೊಳೆಯಬೇಕಿತ್ತು, ಹೊಳೆದೂ ಇತ್ತು. ಹೆಣ್ಣಿನ ಮೇಲೆ ಹಾಕಲು ಅನುಕೂಲವಾಗಿತ್ತೆಂದು ಹಾಕಿದ್ದರು.

ವಿದ್ಯಾವತಿ ತಪ್ಪಾಯಿತು ಎನ್ನಲಿಲ್ಲ. "ಆರಾಕತ್ತೈತಿ, ಉಣ್ಣರಿ" ಎಂದು ಸುರೇಖಾಳ ಹತ್ತಿರ ಬಗ್ಗಿ ತಾಟಿಗೆ ಹೋಳಿಗೆ ಇಟ್ಟಳು. ಈ ಸಲ ಬೆರಳು ತಾಟಿಗೆ ತಾಗಿತು. ಅದನ್ನು ಮಾಫಿ ಎಂದು ಬರೆದರೆ ಸುಳ್ಳಾಗುತ್ತದೆ. ಸುರೇಖಾ ಅದನ್ನು ಉಣ್ಣಲಿಲ್ಲ. ತಾಯಿಯ ತಾಟಿಗೆ ಸರಿಸಿ ಕೈ ತೊಳೆದುಕೊಂಡಳು.

ಊರು ಅರ್ಧ ನಂಬಿತು, ಅರ್ಧ ನಂಬಲಿಲ್ಲ. ನಂಬದವರು ಈಗಲೂ ಮಾಳಿಂಗರಾಯನನ್ನು ಹೊಗಳುತ್ತಾರೆ. ಹಾಗೆ ಹೊಗಳಿದಾಗಲೆಲ್ಲ ಅವನು ಎದ್ದು ಹೋಗುತ್ತಾನೆ. ಬಸಂತರಾಯ ಮರುವರ್ಷ ಜುಲ್ಫಿಕರನ ಟ್ರ್ಯಾಕ್ಟರ್ ಕೂರಿಗೆ ಹಚ್ಚಿದ. ಮಾಳಿಂಗರಾಯ ಕೂರಿಗೆಯನ್ನು ಅಟ್ಟಕ್ಕೆ ಹಾಕಬೇಕೆಂದಿದ್ದ. ಅಷ್ಟರಲ್ಲಿ ಗುರಲಿಂಗಪ್ಪ ಮನೆಗೆ ಬಂದ. ಅಪ್ಪನನ್ನು ಬಿಟ್ಟು ಮಗಳ ಮುಂದೆ ನಿಂತು, "ತಂಗೀ, ನಾಳಿಗೆ ನಮ್ಮ ಹೊಲಕ್ಕ ಕೂರಿಗಿ ತಗೊಂಡ ಬಾರವಾ" ಅಂದ.

ಸುರೇಖಾ ಅಪ್ಪನ ಕಡೆ ನೋಡಿದಳು. "ಬರ್ತೇನಿ. ಆದ್ರ ನಾ ನಿಂದ್ರು ಅಂದಾಗ ನಿಂದ್ರಬೇಕು. ಯಾಕ ಅಂತ ಕೇಳಬಾರದು, ಯಾರ ನೋಡಾಕತ್ತಾರ ಅಂತ ನೋಡಬಾರದು."

"ಆತವ್ವಾ" ಅಂದ ಮಾಳಿಂಗರಾಯ.

ಗುರಲಿಂಗಪ್ಪನ ಹೊಲದ ಒಂದು ಅಂಚೂ ರಸ್ತೆಗೆ ಬರುತ್ತದೆ. ಬೆಳಗಿನ ಬಸ್ಸಿಗೆ ಕಾಯುವವರು ಅಲ್ಲಿ ನಿಂತಿದ್ದರು, ನಾನೂ ಬಾಗೇವಾಡಿಗೆ ಹೋಗುವವನಿದ್ದೆ. ಜುಲ್ಫಿಕರ ಟ್ರ್ಯಾಕ್ಟರ್ ನಿಲ್ಲಿಸಿ ಯಾರಿಗೋ ತಂಬಾಕು ಕೊಡುತ್ತಿದ್ದ. ಕೂರಿಗೆ ರಸ್ತೆಯ ಹತ್ತಿರಕ್ಕೆ ಬಂತು. ಎಲ್ಲರೂ ನೋಡುತ್ತಿದ್ದರು.

"ಅಪ್ಪಾ, ನಿಂದ್ರು."

ಅವನು ಕೂರಿಗೆ ಎತ್ತಿ ಎತ್ತು ನಿಲ್ಲಿಸಿದ. ಮೊಣಕಾಲೂರಿ, ತಲೆಯನ್ನು ನೆಲದ ತನಕ ಬಗ್ಗಿಸಿ, ಒಂದೊಂದೇ ತಾಳಿನ ಬಾಯಿಗೆ ಬೆರಳು ಹಾಕಿ ನೋಡಿದ. ರಸ್ತೆಯ ಮೇಲೆ ಜುಲ್ಫಿಕರ ಬಾಯಿ ಹಾಕದೆ ಬಿಡುತ್ತಾನೆಯೇ? "ಮಾಳಿಂಗಣ್ಣಾ, ಕೂರಿಗಿಗೆ ಹಲ್ಲಿನ ಡಾಕ್ಟರ್ ಆದೇನೋ?" ಎಂದು ಕೂಗಿದ. ಮಂದಿ ನಕ್ಕರು. ಮಾಳಿಂಗರಾಯ ಆ ಕಡೆ ತಿರುಗಲಿಲ್ಲ. ಮೂರೂ ಬಾಯಿ ತೆರೆದಿದ್ದವು, ಒಂದು ಹರಳು ಮಣ್ಣೂ ಇರಲಿಲ್ಲ. ಅವಳಿಗೆ ನಿಜವಾಗಿ ಅನುಮಾನ ಬಂದಿತ್ತೋ, ರಸ್ತೆಯ ಮಂದಿಯ ಮುಂದೆ ಅವನನ್ನು ಬಗ್ಗಿಸಿ ನೋಡಿದಳೋ, ಅವನು ಕೇಳಲಿಲ್ಲ.

"ತಗದ ಅದಾವವ್ವಾ, ಮೂರೂ."

"ಹಂಗಾರ ನಡಿ" ಎಂದಳು, ಬಟ್ಟಲಿಗೆ ಕೈ ತಂದಳು.